ಹಳೆಯ ಜೀಪಿನ ತುಕ್ಕು ಹಿಡಿದ ಮುಂಗಾಜಿನ ಚೌಕಟ್ಟು: ದುರಸ್ತಿಯೂ ಲೆಕ್ಕಪತ್ರವೂ

ರೋಣ, ನರಗುಂದ ಹಾಗೂ ಗಜೇಂದ್ರಗಡ ಪೇಟೆಗಳ ಹಳೆಯ ವರ್ತಕ ಮನೆತನಗಳಲ್ಲಿ, ಒಂದು ಕಾಲಕ್ಕೆ ಹತ್ತಿ, ಕಡಲೆ, ಮೆಣಸಿನಕಾಯಿಗಳ ಖರೀದಿಗಾಗಿ ಹಳ್ಳಿಹಳ್ಳಿ ಸುತ್ತಿದ ತೆರೆದ ಜೀಪುಗಳು ಇಂದಿಗೂ ಅಲ್ಲೊಂದು ಇಲ್ಲೊಂದು ಉಳಿದಿವೆ. ಮಹೀಂದ್ರ ಸಂಸ್ಥೆಯು 1940ರ ದಶಕದ ಕೊನೆಯಲ್ಲಿ ವಿಲ್ಲೀಸ್ ಜೀಪುಗಳ ಜೋಡಣೆಯನ್ನು ಆರಂಭಿಸಿ, ತರುವಾಯ ಸಿಜೆ-3ಬಿ ಮಾದರಿಯನ್ನು ದಶಕಗಳ ಕಾಲ ತಯಾರಿಸಿತು. ಮಳೆ ಬಿದ್ದ ಎರೆಮಣ್ಣಿನ ದಾರಿಯಲ್ಲಿ ಬೇರೆ ವಾಹನಗಳು ಹೂತು ನಿಂತಾಗಲೂ ನಾಲ್ಕು ಗಾಲಿಗಳ ಎಳೆತದಿಂದ ಈ ಜೀಪು ದಾರಿ ಹಿಡಿಯುತ್ತಿತ್ತು. ಗೋದಾಮಿನ ಮೂಲೆಯಲ್ಲಿ ವರ್ಷಗಟ್ಟಲೆ ನಿಂತ ಇಂತಹ ವಾಹನವನ್ನು ಮತ್ತೆ ಓಡಿಸಬೇಕೆಂದು ಹೊರಟಾಗ, ಎಂಜಿನ್ನಿಗಿಂತ ಹೆಚ್ಚಿನ ತೊಡಕು ಬಹುಮಟ್ಟಿಗೆ ಯಾರೂ ನಿರೀಕ್ಷಿಸದ ಒಂದು ಕಡೆಯಿಂದ ಬರುತ್ತದೆ. ಅದು ಮುಂಗಾಜನ್ನು ಹಿಡಿದಿರುವ ಕಬ್ಬಿಣದ ಚೌಕಟ್ಟು.

ಗದಗ ಜಿಲ್ಲೆಯ ಈ ಭಾಗ ಕರಾವಳಿಯಂತೆ ಮಳೆಯ ನಾಡಲ್ಲ. ಆದರೂ ಚೌಕಟ್ಟು ತುಕ್ಕು ಹಿಡಿಯುವುದಕ್ಕೆ ಕಾರಣಗಳಿವೆ. ಎರೆಮಣ್ಣಿನ ಧೂಳು ಅತಿ ನುಣುಪಾದುದು. ಗಾಜಿನ ಕೆಳ ಅಂಚಿನ ಕಾಲುವೆಯಲ್ಲಿ ಸೇರಿ, ಒಮ್ಮೆ ನೆನೆದರೆ ಬಹುಕಾಲ ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ಕೊಳವೆಬಾವಿಯ ಸವುಳು ನೀರಿನಿಂದ ವಾಹನ ತೊಳೆಯುವ ರೂಢಿ ಅದಕ್ಕೆ ಉಪ್ಪನ್ನೂ ಸೇರಿಸುತ್ತದೆ. ಒಣಗಿ ಬಿರುಕುಬಿಟ್ಟ ರಬ್ಬರ್ ಬೀಡಿಂಗ್ ನೀರನ್ನು ಒಳಗೆ ಬಿಡುತ್ತದೆ, ಹೊರಗೆ ಬಿಡುವುದಿಲ್ಲ. ಕ್ಯಾನ್ವಾಸ್ ಮೇಲ್ಛಾವಣಿ ಸೇರುವ ಮೇಲಿನ ಅಂಚಿನಲ್ಲಿಯೂ ಇದೇ ಕಥೆ. ಚೌಕಟ್ಟು ತಗಡನ್ನು ಮಡಚಿ ಮಾಡಿದ ಟೊಳ್ಳು ರಚನೆಯಾದುದರಿಂದ ಸವೆತ ಒಳಗಿನಿಂದ ಹೊರಕ್ಕೆ ಸಾಗುತ್ತದೆ. ಬಣ್ಣದ ಮೇಲೆ ಎರಡು ಗುಳ್ಳೆಗಳು ಕಾಣಿಸಿಕೊಂಡಾಗ ಒಳಗೆ ಅಂಗೈಯಗಲ ತಗಡು ಪುಡಿಯಾಗಿರುವುದು ಅಪರೂಪವೇನಲ್ಲ.

ಇಲ್ಲಿಯೇ ಮೊದಲ ಆರ್ಥಿಕ ತಪ್ಪು ಸಂಭವಿಸುವುದು. ಮಾಲೀಕರು ಹೊರಗೆ ಕಾಣುವ ತುಕ್ಕನ್ನು ತೋರಿಸಿ, ಇಡೀ ಕೆಲಸಕ್ಕೆ ಒಂದೇ ಗುತ್ತಿಗೆ ದರ ಕೇಳುತ್ತಾರೆ, ಟಿಂಕರ್ ಒಪ್ಪಿಕೊಳ್ಳುತ್ತಾನೆ. ಬಿಚ್ಚಿದ ಮೇಲೆ ಕೆಲಸ ಮೂರು ಪಟ್ಟು ಇರುವುದು ತಿಳಿಯುತ್ತದೆ. ಒಪ್ಪಿದ ಹಣದಲ್ಲಿ ಕೆಲಸ ಮುಗಿಸಲು ಅವನಿಗೆ ಉಳಿಯುವ ದಾರಿ ಒಂದೇ: ತುಕ್ಕಿನ ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆಯುವುದು. ಮುಂದಿನ ಮಳೆಗಾಲದ ಹೊತ್ತಿಗೆ ಪುಟ್ಟಿ ಕಳಚುತ್ತದೆ, ಹಣ ಎರಡನೆಯ ಬಾರಿ ಖರ್ಚಾಗುತ್ತದೆ. ಬಿಚ್ಚಿ, ಕೆರೆದು, ತೋರಿಸುವ ಕೂಲಿಯನ್ನು ಪ್ರತ್ಯೇಕವಾಗಿ ಕೊಟ್ಟು, ಅನಂತರ ಅಂದಾಜು ಪಡೆಯುವುದೇ ಇಬ್ಬರಿಗೂ ನ್ಯಾಯವಾದ ಕ್ರಮ. ಹಂಗಾಮಿನಲ್ಲಿ ಅಂಡಿಗೆ ಬಿಚ್ಚಿ ನೋಡದೆ ಹತ್ತಿಯ ದರ ಹೇಳದ ವರ್ತಕ, ಜೀಪಿನ ವಿಷಯದಲ್ಲಿ ಮಾತ್ರ ಈ ಎಚ್ಚರ ಮರೆಯುವುದು ಸೋಜಿಗ.

ಬಿಚ್ಚುವುದರಿಂದ ಜೋಡಿಸುವವರೆಗೆ

ಜೀಪಿನ ಅನುಕೂಲವೆಂದರೆ ಅದರ ಮುಂಗಾಜಿನ ಚೌಕಟ್ಟು ಬಾನೆಟ್ಟಿನ ಮೇಲೆ ಮಡಚುವಂತೆ ತಿರುಗಣಿಗಳ ಮೇಲೆ ಕೂಡಿರುತ್ತದೆ. ಬೋಲ್ಟು ಕಳಚಿದರೆ ಇಡಿಯಾಗಿ ಕೈಗೆ ಬರುತ್ತದೆ. ವಿದೇಶಿ ತೆರೆದ ಕಾರುಗಳಲ್ಲಿ ಸಾಮಾನ್ಯವಾಗಿ ಈ ಕಂಬಗಳು ಕವಚಕ್ಕೇ ಬೆಸೆದಿರುವುದರಿಂದ ಅದೇ ದುರಸ್ತಿ ಹಲವು ಪಟ್ಟು ಕಠಿಣ. ಗಾಜು ಮತ್ತು ಬೀಡಿಂಗ್ ತೆಗೆದ ನಂತರ ಚೌಕಟ್ಟನ್ನು ಬರಿಯ ಲೋಹದವರೆಗೆ ಕೆರೆಯಬೇಕು. ಮೊನಚಾದ ದಬ್ಬಳದಿಂದ ಅಂಚಿನುದ್ದಕ್ಕೂ ಒತ್ತಿ ನೋಡಬೇಕು. ದಬ್ಬಳ ಒಳಹೋದ ಕಡೆ ತಗಡು ಸತ್ತಿದೆ ಎಂದೇ ಅರ್ಥ.

ಕತ್ತರಿಸುವ ಮೊದಲು ಮಾಡಲೇಬೇಕಾದ ಕೆಲಸವೊಂದಿದೆ. ಚೌಕಟ್ಟಿನ ಎರಡೂ ಕರ್ಣಗಳನ್ನು ಅಳೆದು ಬರೆದಿಟ್ಟುಕೊಂಡು, ಅಡ್ಡಲಾಗಿ ಒಂದೆರಡು ಪೈಪುಗಳನ್ನು ತಾತ್ಕಾಲಿಕವಾಗಿ ಬೆಸೆಯಬೇಕು. ಕೊಳೆತ ಭಾಗ ತೆಗೆದೊಡನೆ ಚೌಕಟ್ಟು ಸಡಿಲವಾಗುತ್ತದೆ. ಕೆಲವೇ ಮಿಲಿಮೀಟರಿನಷ್ಟು ಓರೆಯಾದರೂ ಗಾಜಿನ ಮೂಲೆಯ ಮೇಲೆ ಒತ್ತಡ ಬಿದ್ದು, ಮೊದಲ ತಗ್ಗು-ದಿನ್ನೆಯಲ್ಲಿಯೇ ಗಾಜು ಸೀಳುತ್ತದೆ. ಆಮೇಲೆ ತಪ್ಪು ಗಾಜಿನವನದೋ ವೆಲ್ಡರನದೋ ಎಂಬ ವಾದಕ್ಕೆ ಕೊನೆಯಿಲ್ಲ. ಎರಡು ಅಳತೆಗಳನ್ನು ಬರೆದ ಕಾಗದವೊಂದು ಆ ವಾದವನ್ನೇ ಇಲ್ಲವಾಗಿಸುತ್ತದೆ.

ತೇಪೆಯ ತಗಡು ಮೂಲ ತಗಡಿನಷ್ಟೇ ದಪ್ಪವಿರಬೇಕು. ದಪ್ಪ ತಗಡು ಗಟ್ಟಿ ಎಂಬ ನಂಬಿಕೆ ಇಲ್ಲಿ ಸಲ್ಲದು. ದಪ್ಪ-ತೆಳು ಸೇರುವ ಗೆರೆಯಲ್ಲಿಯೇ ಮುಂದಿನ ಬಿರುಕು ಹುಟ್ಟುತ್ತದೆ. ಟ್ರಾಕ್ಟರ್ ಟ್ರೇಲರ್ ಬೆಸೆಯುವ ಸಾಮಾನ್ಯ ಆರ್ಕ್ ವೆಲ್ಡಿಂಗ್ ಈ ತೆಳು ತಗಡನ್ನು ತೂತು ಮಾಡುತ್ತದೆ, ಗ್ಯಾಸ್ ವೆಲ್ಡಿಂಗ್ ಅತಿಯಾದ ಶಾಖದಿಂದ ಸೊಟ್ಟಗೊಳಿಸುತ್ತದೆ. ಮಿಗ್ ಯಂತ್ರದಿಂದ ಒಂದು ಕಡೆ ಚುಕ್ಕೆಯಿಟ್ಟು, ತಣಿಯಲು ಬಿಟ್ಟು, ಮತ್ತೊಂದು ಕಡೆಗೆ ಹೋಗುವ ಕ್ರಮವೇ ಲೇಸು. ಹತ್ತಿರದಲ್ಲಿ ಆ ಯಂತ್ರವಿಲ್ಲದಿದ್ದರೆ, ಬಿಚ್ಚಿದ ಚೌಕಟ್ಟನ್ನಷ್ಟೇ ಹುಬ್ಬಳ್ಳಿ ಅಥವಾ ಗದಗಿಗೆ ಒಯ್ಯಬಹುದು. ಇಡೀ ವಾಹನವನ್ನು ಸಾಗಿಸುವ ವೆಚ್ಚ ಉಳಿಯುತ್ತದೆ.

ಬೆಸುಗೆಯ ನಂತರ, ಬಣ್ಣಕ್ಕೆ ಮೊದಲು, ಗಾಜು ಮತ್ತು ಬೀಡಿಂಗನ್ನು ಒಮ್ಮೆ ಕೂಡಿಸಿ ನೋಡಬೇಕು. ರೆಡ್ ಆಕ್ಸೈಡ್ ಅಗ್ಗವಾದರೂ ಅದರಲ್ಲಿ ತೇವ ನುಸುಳುತ್ತದೆ. ಎಪಾಕ್ಸಿ ಪ್ರೈಮರ್ ಹೆಚ್ಚು ಬಾಳುತ್ತದೆ. ಟೊಳ್ಳಿನ ಒಳಭಾಗಕ್ಕೆ ಮೇಣ ಮಿಶ್ರಿತ ದ್ರಾವಣವನ್ನು ಸಿಂಪಡಿಸಿ, ನೀರು ಹೊರಹೋಗುವ ಕೆಳಗಿನ ರಂಧ್ರಗಳನ್ನು ತೆರೆದಿಡಬೇಕು. ಬಣ್ಣ ಹೊಡೆಯುವವರು ಅಂದ ಕೆಡುತ್ತದೆಂದು ಈ ರಂಧ್ರಗಳನ್ನು ಮುಚ್ಚಿಬಿಡುವುದುಂಟು.

ಅಂಚುಪಟ್ಟಿಗಳ ವಿಷಯದಲ್ಲಿ ಲೋಹ ಯಾವುದೆಂದು ಮೊದಲು ತಿಳಿಯಬೇಕು. ಸ್ಟೇನ್‌ಲೆಸ್ ಪಟ್ಟಿಯ ತಗ್ಗುಗಳನ್ನು ಮೆಲ್ಲನೆ ಬಡಿದು ಬಫ್ ಮಾಡಿದರೆ ಹೊಸದರಂತಾಗುತ್ತದೆ. ಕ್ರೋಮ್ ಲೇಪಿತ ಕಬ್ಬಿಣವಾದರೆ ಹಳೆಯ ಲೇಪ ತೆಗೆದು ತಾಮ್ರ, ನಿಕ್ಕಲ್, ಕ್ರೋಮ್ ಎಂಬ ಕ್ರಮದಲ್ಲಿ ಮರುಲೇಪಿಸಬೇಕು. ರಕ್ಷಣೆ ನೀಡುವುದು ಮುಖ್ಯವಾಗಿ ನಿಕ್ಕಲ್, ಕ್ರೋಮ್ ಹೊಳಪಿಗೆ. ನಿಕ್ಕಲ್ ಪದರದಲ್ಲಿ ಜಿಪುಣತನ ಮಾಡಿದ ಅಗ್ಗದ ಕೆಲಸದಲ್ಲಿ ಒಂದೆರಡು ವರ್ಷಗಳಲ್ಲಿ ಕಂದು ಚುಕ್ಕೆಗಳು ಮರಳುತ್ತವೆ. ಅಲ್ಯೂಮಿನಿಯಂ ಪಟ್ಟಿಯನ್ನು ಕಬ್ಬಿಣದ ತಿರುಪಿನಿಂದ ನೇರವಾಗಿ ಬಿಗಿದಲ್ಲಿ, ತೇವ ಸೇರಿದಾಗ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಸವೆಯುತ್ತದೆ; ನಡುವೆ ಟೇಪು ಅಥವಾ ಗ್ರೀಸಿನ ಪದರವಿರಬೇಕು.

ಗಾಜು ಮಾತ್ರ ಉಳಿತಾಯ ಮಾಡುವ ಸ್ಥಳವಲ್ಲ. ಜೀಪಿನ ಮುಂಗಾಜು ಸಪಾಟಾಗಿರುವುದರಿಂದ ಲ್ಯಾಮಿನೇಟೆಡ್ ಹಾಳೆಯಿಂದ ಅಳತೆಗೆ ಕತ್ತರಿಸಿಕೊಳ್ಳಬಹುದು. ಟಫನ್ಡ್ ಗಾಜನ್ನು ಕತ್ತರಿಸಲು ಬರುವುದಿಲ್ಲ. ಕಿಟಕಿಗೆ ಬಳಸುವ ಸಾದಾ ಗಾಜು ಒಡೆದಾಗ ಚೂರಿಯಂತಹ ತುಂಡುಗಳಾಗಿ ಎದುರಿಗೆ ಕುಳಿತವರ ಮೇಲೆ ಬೀಳುತ್ತದೆ. ಕೇಂದ್ರ ಮೋಟಾರು ವಾಹನ ನಿಯಮಗಳ 100ನೆಯ ನಿಯಮವು ಸುರಕ್ಷಾ ಗಾಜನ್ನೂ, ಮುಂಗಾಜಿಗೆ ಕನಿಷ್ಠ ಶೇ. 70ರ ಪಾರದರ್ಶಕತೆಯನ್ನೂ ವಿಧಿಸುತ್ತದೆ.

ಪುಸ್ತಕದಲ್ಲಿ ಬರೆಯುವ ಬಗೆ

ಜೀಪು ವ್ಯವಹಾರದ ಆಸ್ತಿಯಾಗಿದ್ದು, ವ್ಯವಹಾರಕ್ಕೇ ಬಳಕೆಯಾಗುತ್ತಿದ್ದರೆ ಚೌಕಟ್ಟಿನ ದುರಸ್ತಿ ವೆಚ್ಚವನ್ನು ಆ ವರ್ಷದ ಖರ್ಚಿಗೆ ಹಾಕಬಹುದೇ ಎಂಬುದು ಪ್ರಶ್ನೆ. 1961ರ ಆದಾಯ ತೆರಿಗೆ ಕಾಯ್ದೆಯ 31ನೆಯ ಕಲಮು ಅನುಮತಿಸಿದ್ದು ಚಾಲ್ತಿ ದುರಸ್ತಿಯನ್ನು ಮಾತ್ರ. ಇರುವ ಆಸ್ತಿಯನ್ನು ಕಾಪಾಡಿಕೊಳ್ಳಲು ಮಾಡಿದ ವೆಚ್ಚವೇ ಚಾಲ್ತಿ ದುರಸ್ತಿ, ಹೊಸ ಆಸ್ತಿ ಅಥವಾ ಹೊಸ ಪ್ರಯೋಜನ ತರುವ ವೆಚ್ಚವಲ್ಲ ಎಂದು ಸರ್ವೋಚ್ಚ ನ್ಯಾಯಾಲಯವು ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ 2007ರಲ್ಲಿ ಸ್ಪಷ್ಟಪಡಿಸಿತು. 2026ರ ಏಪ್ರಿಲ್ 1ರಿಂದ ಅನ್ವಯಿಸುವ 2025ರ ಕಾಯ್ದೆಯಲ್ಲಿಯೂ ಈ ಭೇದ ಮುಂದುವರಿದಿದೆ. ಆದ್ದರಿಂದ ಚೌಕಟ್ಟಿಗೆ ತೇಪೆ ಹಾಕಿಸಿ ಗಾಜು ಕೂಡಿಸಿದ ಬಿಲ್ಲು ಖರ್ಚಿನ ಕಡೆಗೆ ಹೋಗುತ್ತದೆ. ಅದರ ನೆಪದಲ್ಲಿ ಇಡೀ ಕವಚವನ್ನೇ ಹೊಸದಾಗಿ ಕಟ್ಟಿಸಿದರೆ ಅದು ಬಂಡವಾಳ ವೆಚ್ಚ. "ಜೀಪು ಕೆಲಸ" ಎಂದಷ್ಟೇ ಬರೆದ ಚೀಟಿ ಯಾವುದನ್ನೂ ಸಾಬೀತುಪಡಿಸದು. ವಾಹನ ಸಂಖ್ಯೆ, ಕೆಲಸದ ವಿವರ, ಕೂಲಿ ಮತ್ತು ಸಾಮಗ್ರಿಗಳು ಬೇರೆಬೇರೆಯಾಗಿ ಇರಬೇಕು. ಒಬ್ಬರಿಗೆ ಒಂದೇ ದಿನ 10,000 ರೂ. ಮೀರಿ ನಗದು ಕೊಟ್ಟರೆ ಆ ಖರ್ಚು ಅಮಾನ್ಯವಾಗುತ್ತದೆ. ಟಿಂಕರ್ ನಗದೇ ಬೇಕೆಂದರೂ ಬ್ಯಾಂಕಿನ ಮೂಲಕ ಪಾವತಿಸುವುದು ಒಳಿತು. ಅಂದಾಜು ಆದಾಯದ ಯೋಜನೆಯಡಿ ವಿವರಣೆ ಸಲ್ಲಿಸುವ ಸಣ್ಣ ವರ್ತಕರಿಗೆ ಈ ಖರ್ಚನ್ನು ಪ್ರತ್ಯೇಕವಾಗಿ ಕಳೆಯಲು ಅವಕಾಶವಿಲ್ಲ.

ಜಿಎಸ್‌ಟಿಯಲ್ಲಿ ಚಾಲಕನೂ ಸೇರಿ 13 ಅಥವಾ ಅದಕ್ಕಿಂತ ಕಡಿಮೆ ಆಸನಗಳ ಪ್ರಯಾಣಿಕ ವಾಹನದ ದುರಸ್ತಿಯ ಮೇಲಿನ ತೆರಿಗೆಗೆ, ಸಾಮಾನ್ಯ ವರ್ತಕರಿಗೆ ಹೂಡುವಳಿ ತೆರಿಗೆ ಜಮೆ ಸಿಗುವುದಿಲ್ಲ. ಸರಕು ಸಾಗಣೆಯ ಪಿಕಪ್ ವಾಹನಕ್ಕೆ ಸಿಗುತ್ತದೆ. ವಾಹನ ಬಿಡಿಭಾಗಗಳ ದರ 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ 18ಕ್ಕೆ ಇಳಿದಿದೆ. ವಿಮೆಯಿಂದ ತುಕ್ಕಿಗೆ ಪರಿಹಾರ ನಿರೀಕ್ಷಿಸುವಂತಿಲ್ಲ. ಸವೆತ ವಿಮೆಯ ವ್ಯಾಪ್ತಿಗೆ ಸೇರಿದುದಲ್ಲ.

ಐವತ್ತು ವರ್ಷ ದಾಟಿದ್ದರೆ

2021ರ ಜುಲೈನಲ್ಲಿ ಹೊರಡಿಸಿದ ಕೇಂದ್ರ ನಿಯಮಗಳಂತೆ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ವಾಣಿಜ್ಯ ಬಳಕೆಯಲ್ಲಿಲ್ಲದ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಶುಲ್ಕ 20,000 ರೂ., ಅವಧಿ 10 ವರ್ಷ. ಅದರ ಷರತ್ತುಗಳಲ್ಲಿ ಒಂದು ಚಾಸಿಸ್, ಕವಚ ಅಥವಾ ಎಂಜಿನ್ನಿನಲ್ಲಿ ಗಣನೀಯ ಮಾರ್ಪಾಡು ಇರಬಾರದೆಂಬುದು. ಮೂಲ ಚೌಕಟ್ಟಿನ ಕೊಳೆತ ಭಾಗಕ್ಕೆ ಅದೇ ಆಕಾರದ ತಗಡು ಬೆಸೆದುದನ್ನು ಮಾರ್ಪಾಡೆನ್ನಲಾಗದು. ಆದರೆ ಬೇರೆ ಮಾದರಿಯ ಎತ್ತರದ ಚೌಕಟ್ಟು ಕೂಡಿಸಲು ಕವಚವನ್ನೇ ಕತ್ತರಿಸಿದರೆ ಆಕ್ಷೇಪಣೆಗೆ ಆಸ್ಪದವಾಗುತ್ತದೆ. ತಂದೆಯ ಕಾಲದ ಜೀಪಿಗೆ ಅಂದಕ್ಕಾಗಿ ಹೊಸ ಕವಚ ಹಾಕಿಸುವವರು ಈ ಅವಕಾಶವನ್ನು ತಮ್ಮ ಕೈಯಾರೆ ಕಳೆದುಕೊಳ್ಳುತ್ತಾರೆ.

ಹಾಗೆಂದು ಎಲ್ಲರೂ ವಿಂಟೇಜ್ ನೋಂದಣಿಗೆ ಹೋಗಬೇಕಿಲ್ಲ. ಆ ವಾಹನವನ್ನು ಪ್ರದರ್ಶನ, ರ‍್ಯಾಲಿ, ಇಂಧನ, ನಿರ್ವಹಣೆಯಂತಹ ಕಾರಣಗಳಿಗಷ್ಟೇ ರಸ್ತೆಗಿಳಿಸಬಹುದು. ವಾರಕ್ಕೆರಡು ಬಾರಿ ಹೊಲಕ್ಕೋ ಗಿರಣಿಗೋ ಹೋಗುವ ಜೀಪಿಗೆ ಸಾಮಾನ್ಯ ನೋಂದಣಿಯ ನವೀಕರಣವೇ ಸರಿ. ವಿಂಟೇಜ್ ಆದ ಮೇಲೆ ಅದರ ಖರ್ಚನ್ನು ವ್ಯವಹಾರದ್ದೆಂದು ತೋರಿಸುವುದೂ ಕಷ್ಟ. 50 ವರ್ಷಗಳ ಎಣಿಕೆ ತಯಾರಿಕೆಯ ದಿನದಿಂದಲ್ಲ, ಮೊದಲ ನೋಂದಣಿಯಿಂದ. ಗದಗ ಜಿಲ್ಲೆ ರಚನೆಯಾದುದು 1997ರಲ್ಲಿ. ಅದಕ್ಕೂ ಮೊದಲು ಈ ಮೂರೂ ಊರುಗಳು ಧಾರವಾಡ ಜಿಲ್ಲೆಗೆ ಸೇರಿದ್ದುದರಿಂದ ಹಳೆಯ ಜೀಪಿನ ಮೂಲ ದಾಖಲೆಯನ್ನು ಧಾರವಾಡದ ಕಚೇರಿಯಲ್ಲಿ ಹುಡುಕಬೇಕಾದೀತು. ಹಳೆಯ ಪುಸ್ತಕ ಸವೆದು ಅಕ್ಷರ ಅಳಿಸಿಹೋಗಿದ್ದರೆ, ಚೌಕಟ್ಟನ್ನು ವೆಲ್ಡರನ ಕೈಗೆ ಕೊಟ್ಟ ದಿನವೇ ದೃಢೀಕೃತ ಪ್ರತಿಗೆ ಅರ್ಜಿ ಹಾಕುವುದು ಲೇಸು.