ಬೆಲ್ಟಿನ ಮೊರೆ

ಮಾನ್ವಿಯಿಂದ ರಾಯಚೂರಿಗೆ ಹೊರಟಿದ್ದ ಬಾಡಿಗೆಯ ಕಾರೊಂದರಲ್ಲಿ ಚಾಲಕನ ಮಗ್ಗುಲಿಗೆ ಕುಳಿತಿದ್ದ ನಾನು, ನೀರಮಾನ್ವಿಯ ಯಲ್ಲಮ್ಮನಿಗೆ ದಾರಿಯಿಂದಲೇ ಕೈಮುಗಿದು ಕಣ್ಣು ಕೆಳಗಿಳಿಸಿದಾಗ, ಚಾಲಕನ ಸೀಟ್ ಬೆಲ್ಟಿನ ಕೊಂಡಿ ಹೋಗಿ ಕೂರಬೇಕಾದ ಗೂಡಿನಲ್ಲಿ ಬೆಲ್ಟಿಲ್ಲದ ಬರಿಯ ಕೊಂಡಿಯೊಂದು ಕುಳಿತಿರುವುದನ್ನು ಕಂಡೆನು. ಅದರ ಹಿಡಿಯು ಬಾಟಲಿಯ ಮುಚ್ಚಳ ತೆಗೆಯುವ ಓಪನರಿನ ಆಕಾರದಲ್ಲಿತ್ತು. ಕನ್ನಡಿಯ ಕೆಳಗೆ ನಿಂಬೆಹಣ್ಣು, ಮೆಣಸಿನಕಾಯಿ. ಗಾಜಿನ ಮುಂದೆ ಮಂತ್ರಾಲಯದ ರಾಯರ ಚಿತ್ರ. ಬೆಲ್ಟು ಮಾತ್ರ ಕಂಬಕ್ಕೆ ಒರಗಿ, ಕೊಂಡವರ ಮನೆಗೆ ಇನ್ನೂ ಹೋಗದ ಹೊಸ ವಸ್ತುವಿನಂತೆ ಮಿರುಗುತ್ತಿತ್ತು. ಇದೇನಪ್ಪಾ ಎಂದು ಕೇಳಿದೆ.

“ಬೆಲ್ಟ್ ಹಾಕ್ಕೊಳ್ಳಲಿಲ್ಲಂದ್ರ ಒಂದೇ ಸಮ ಬಡ್ಕೊಂತದ್ರೀ ಸರ, ತಲಿ ಚಿಟ್ಟ ಹಿಡೀತದ. ಅದಕ್ಕಂತ ಇದನ್ನ ಸಿಗಿಸಿಟ್ಟೀನ್ರೀ” ಎಂದನು.

ಹೊಸ ಕಾರುಗಳಲ್ಲಿ ತುಂಬಿ ಬರುತ್ತಿರುವ ಸುರಕ್ಷಾ ಸಾಧನಗಳು ನಮ್ಮಂತಹ ನಿತ್ಯದ ಸವಾರರಿಗೆ ನಿಜವಾಗಿ ಉಪಯುಕ್ತವೋ, ಅಥವಾ ಬೆಲೆಯೇರಿಸುವ ಅಲಂಕಾರಗಳೋ ಎಂಬ ಪ್ರಶ್ನೆಯನ್ನು ಕಾರು ಕೊಳ್ಳಹೊರಟ ಮಿತ್ರರು ನನ್ನಲ್ಲಿ ಕೇಳುವುದುಂಟು. ಆ ಪ್ರಶ್ನೆಗೆ ಉತ್ತರವನ್ನು ಹುಡುಕಲು ಆ ಓಪನರಿಗಿಂತ ಒಳ್ಳೆಯ ಆರಂಭಸ್ಥಾನ ನನಗೆ ತೋರುವುದಿಲ್ಲ. ಏಕೆಂದರೆ ಈ ಸಾಧನಗಳಲ್ಲಿ ಎರಡು ಜಾತಿಗಳಿವೆ: ನಮ್ಮ ಅನುಮತಿಯನ್ನು ಕೇಳದೆ ತಮ್ಮ ಪಾಡಿಗೆ ದುಡಿಯುವಂಥವು ಕೆಲವು, ನಮ್ಮ ಕೈಯ ಒಂದು ಚಲನೆಗಾಗಿ ಮೊರೆಯಿಡುವಂಥವು ಕೆಲವು. ಮೊರೆಯಿಡುವವುಗಳ ಬಾಯಿಗೆ ಬಟ್ಟೆ ತುರುಕುವುದರಲ್ಲಿ ನಾವು ನಿಸ್ಸೀಮರು.

ಆ ಬಟ್ಟೆಗೆ ಒಂದು ಪೇಟೆಯೇ ಇತ್ತು. 2023ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಐದು ಆನ್‌ಲೈನ್ ಮಾರಾಟ ಸಂಸ್ಥೆಗಳಿಗೆ, ಬೆಲ್ಟಿನ ಎಚ್ಚರಿಕೆಯ ಸದ್ದನ್ನು ಅಡಗಿಸುವ ಇಂತಹ ಕ್ಲಿಪ್ಪುಗಳನ್ನು ತೆಗೆದುಹಾಕಬೇಕೆಂದು ಆಜ್ಞೆ ಮಾಡಿದಾಗ, ಪಟ್ಟಿಯಿಂದ ಕಣ್ಮರೆಯಾದ ಸರಕಿನ ನಮೂದುಗಳು 13,118. ಅವುಗಳಲ್ಲಿ ಹಲವನ್ನು ಬಾಟಲಿಯ ಓಪನರುಗಳೆಂದೂ ಸಿಗರೇಟು ಲೈಟರುಗಳೆಂದೂ ವೇಷ ಹಾಕಿಸಿ ಮಾರುತ್ತಿದ್ದರು. ಸ್ವೀಡನ್ನಿನ ವೋಲ್ವೋ ಕಂಪನಿಯ ಎಂಜಿನಿಯರ್ ನಿಲ್ಸ್ ಬೋಲಿನ್ 1959ರಲ್ಲಿ ಮೂರು ಕಡೆ ಬಿಗಿಯುವ ಬೆಲ್ಟನ್ನು ರೂಪಿಸಿದಾಗ, ಒಂದೇ ಕೈಯಿಂದ ಸಲೀಸಾಗಿ ಎಳೆದು ಸಿಗಿಸುವಂತಿದ್ದರೆ ಮಾತ್ರ ಜನ ಅದನ್ನು ತೊಟ್ಟಾರು ಎಂದು ಎಣಿಸಿದ್ದನು. ಕಂಪನಿಯು ಆ ಪೇಟೆಂಟನ್ನು ಉಳಿದ ತಯಾರಕರಿಗೂ ತೆರೆದಿಟ್ಟಿತು. ಆ ಒಂದು ಕೈಯ ಶ್ರಮವನ್ನೂ ಉಳಿಸಿಕೊಳ್ಳಲು ಹಣ ಕೊಟ್ಟು ಕ್ಲಿಪ್ಪು ಕೊಳ್ಳುವ ಗಿರಾಕಿಯನ್ನು ಆತ ಊಹಿಸಿರಲಾರ.

ಬೆಲ್ಟಿನ ಕೆಲಸವೇನೆಂಬುದನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು. ಗಂಟೆಗೆ 50 ಕಿಲೋಮೀಟರು ವೇಗದ ಕಾರು ಗೋಡೆಗೆ ಬಡಿದು ನಿಂತರೆ ಒಳಗಿನ ಮನುಷ್ಯನ ದೇಹವು ಅದೇ ವೇಗದಲ್ಲಿ ಮುಂದಕ್ಕೆ ಧಾವಿಸುತ್ತದೆ. ಅದು ಸುಮಾರು 10 ಮೀಟರು ಎತ್ತರದ, ಎಂದರೆ ಮೂರಂತಸ್ತಿನ ಮನೆಯ ಮಾಳಿಗೆಯಿಂದ ನೆಲಕ್ಕೆ ಬೀಳುವವನ ವೇಗ. ವೇಗ 80 ಆಯಿತೆಂದರೆ ಎತ್ತರ 25 ಮೀಟರಿಗೆ ಏರುತ್ತದೆ. ಎರಡು ಅಂಗೈಗಳನ್ನು ಡ್ಯಾಶ್‌ಬೋರ್ಡಿಗೆ ಒತ್ತಿ ಈ ಪತನವನ್ನು ತಡೆದೇನೆಂಬ ಧೈರ್ಯ ಎಲ್ಲಿಂದ ಬರುವುದೋ ತಿಳಿಯದು. ಕೇಂದ್ರ ಸಾರಿಗೆ ಸಚಿವಾಲಯದ 2022ರ ವರದಿಯಂತೆ ಬೆಲ್ಟು ತೊಡದೆ ಸತ್ತವರು 16,715 ಮಂದಿ. ಅವರಲ್ಲಿ 8,331 ಮಂದಿ ಚಾಲಕರಲ್ಲ, ಜೊತೆಗೆ ಕುಳಿತವರು. ಹಿಂದಿನ ಆಸನವು ಮನೆಯ ಪಡಸಾಲೆಯಷ್ಟು ಕ್ಷೇಮವೆಂಬ ಭ್ರಾಂತಿಯು ಅದೇ ವರ್ಷದ ಸೆಪ್ಟೆಂಬರ್ 4ರಂದು, ಮಹಾರಾಷ್ಟ್ರದ ಪಾಲ್ಘರ್ ಬಳಿ, ಹಿಂದೆ ಬೆಲ್ಟಿಲ್ಲದೆ ಕುಳಿತಿದ್ದ ಉದ್ಯಮಿ ಸೈರಸ್ ಮಿಸ್ತ್ರಿಯವರ ಮರಣದಿಂದ ದೇಶಕ್ಕೆಲ್ಲ ಬಯಲಾಯಿತು. ಬಯಲಾದದ್ದು ಎಷ್ಟು ದಿನ ನೆನಪಿನಲ್ಲಿ ನಿಂತಿತೆಂಬುದು ಬೇರೆಯ ಮಾತು.

ಏರ್‌ಬ್ಯಾಗಿನ ವಿಷಯದಲ್ಲಿ ಭ್ರಾಂತಿ ಇನ್ನೂ ಸೂಕ್ಷ್ಮವಾದುದು. ಬೆಲ್ಟಿಗೆ ಬದಲಾಗಿ ಅದಿದೆಯೆಂದು ಬಹುಜನ ತಿಳಿದಿದ್ದಾರೆ. ಅದು ಮೆತ್ತಗೆ ಉಬ್ಬುವ ತಲೆದಿಂಬೆಂದೂ ಭಾವಿಸಿದ್ದಾರೆ. ವಾಸ್ತವದಲ್ಲಿ ಅದು ಒಂದು ಸೆಕೆಂಡಿನ ಇಪ್ಪತ್ತರಲ್ಲೊಂದು ಭಾಗಕ್ಕೂ ಕಡಿಮೆ ಅವಧಿಯಲ್ಲಿ ಸ್ಫೋಟದಂತೆ ಉಬ್ಬಿ, ಬೆಲ್ಟಿನಿಂದ ಹಿಡಿಯಲ್ಪಟ್ಟ ದೇಹದ ತಲೆಯೂ ಎದೆಯೂ ಬರುವ ವೇಳೆಗೆ ಇಳಿಯಲಾರಂಭಿಸುವ ಚೀಲ. ಬೆಲ್ಟಿಲ್ಲದೆ ಮೊದಲೇ ಮುಂದಕ್ಕೆ ಬಾಗಿದವನಿಗೆ ಆ ಉಬ್ಬುವ ರಭಸವೇ ಹೊಡೆತವಾದೀತು. ನಮ್ಮ ಕಡೆಯಲ್ಲಿ ಕೂಸನ್ನು ಮಡಿಲಲ್ಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಕುಳಿತು ಜಾತ್ರೆಗೆ ಹೊರಡುವ ತಾಯಂದಿರನ್ನು ಕಂಡಾಗಲೆಲ್ಲ ನನ್ನ ಎದೆ ನಡುಗುತ್ತದೆ. ಮಗುವಿನ ಸ್ಥಾನ ಹಿಂದಿನ ಸೀಟು, ಅದರ ಅಳತೆಯ ಕುರ್ಚಿ. 2019ರ ಜುಲೈಯಿಂದ ಚಾಲಕನಿಗೂ, 2021ರಿಂದ ಅವನ ಪಕ್ಕದವನಿಗೂ ಹೊಸ ಕಾರುಗಳಲ್ಲಿ ಏರ್‌ಬ್ಯಾಗು ಕಡ್ಡಾಯವಾಗಿದೆ. ಮಡಿಲಿನ ಮಗುವಿಗಾಗಿ ಮಾಡಿದ ಏರ್‌ಬ್ಯಾಗು ಜಗತ್ತಿನಲ್ಲಿಲ್ಲ.

ಇನ್ನು ಅನುಮತಿ ಕೇಳದ ಜಾತಿಯ ಉಳಿದ ಸಾಧನಗಳಿಗೆ ಬರೋಣ. ಗೋದಾಮಿಗೆ ಭತ್ತ ಸಾಗಿಸುವ ಕಾಲದಲ್ಲಿ ಮಾನ್ವಿ, ಸಿಂಧನೂರಿನ ದಾರಿಗಳಲ್ಲಿ ರಾತ್ರಿ ಪ್ರಯಾಣ ಮಾಡಿದವರಿಗೆ, ಹಿಂದೀಪವೂ ಇಲ್ಲದೆ, ಹೊಳೆಯುವ ಪಟ್ಟಿಯೂ ಇಲ್ಲದೆ, ಚೀಲಗಳ ಗುಡ್ಡವನ್ನು ಹೊತ್ತು ಕತ್ತಲೆಯದೇ ಒಂದು ತುಂಡಿನಂತೆ ಸಾಗುವ ಟ್ರ್ಯಾಕ್ಟರ್ ಟ್ರಾಲಿಯ ಪರಿಚಯ ಇದ್ದೇ ಇರುತ್ತದೆ. 80ರ ವೇಗದಲ್ಲಿ, ಕಂಡದ್ದನ್ನು ಬುದ್ಧಿ ಗ್ರಹಿಸಿ ಕಾಲು ಬ್ರೇಕಿಗೆ ಹೋಗುವ ಒಂದು ಸೆಕೆಂಡಿನಲ್ಲಿಯೇ ಕಾರು 22 ಮೀಟರು ಮುಂದೆ ಹೋಗಿರುತ್ತದೆ. ಒಣಗಿದ ಒಳ್ಳೆಯ ರಸ್ತೆಯಲ್ಲಿ ನಿಲ್ಲಲು ಮತ್ತೆ ಸುಮಾರು 35 ಮೀಟರು ಬೇಕು. ಆಗ ಗಾಬರಿಯಿಂದ ಒತ್ತಿದ ಬ್ರೇಕಿಗೆ ಗಾಲಿಗಳು ಪೂರ್ತಿ ಕಚ್ಚಿಕೊಂಡರೆ ಸ್ಟಿಯರಿಂಗ್ ಎತ್ತ ತಿರುಗಿಸಿದರೂ ಕಾರು ನೇರವಾಗಿಯೇ ಜಾರುವುದು. ಎ.ಬಿ.ಎಸ್. ಎಂಬ ಸಾಧನವು ಗಾಲಿ ಕಚ್ಚಿಕೊಳ್ಳುವ ಕ್ಷಣವನ್ನು ಅರಿತು, ಬ್ರೇಕಿನ ಒತ್ತಡವನ್ನು ಸೆಕೆಂಡಿಗೆ ಹಲವು ಸಾರಿ ಸಡಿಲಿಸಿ ಮತ್ತೆ ಬಿಗಿದು, ಟ್ರಾಲಿಯ ಪಕ್ಕಕ್ಕೆ ಹೊರಳಿ ತಪ್ಪಿಸಿಕೊಳ್ಳುವ ಅವಕಾಶವನ್ನು ಚಾಲಕನಿಗೆ ಉಳಿಸಿಕೊಡುತ್ತದೆ. ಆಗ ಪೆಡಲು ಅಂಗಾಲಿನ ಕೆಳಗೆ ಗಡಗಡ ನಡುಗುವುದು. ಬ್ರೇಕು ಕೆಟ್ಟಿತೆಂದು ಹೆದರಿ ಕಾಲೆತ್ತುವವರುಂಟು, ಎತ್ತಬಾರದು. ಇದು ನಿಲ್ಲುವ ದೂರವನ್ನು ಮಂತ್ರದಂತೆ ಕುಗ್ಗಿಸುವುದಿಲ್ಲವೆಂಬುದನ್ನೂ ಹೇಳಬೇಕು. ರಸ್ತೆಯಂಚಿನ ಸಡಿಲ ಗರಸಿನ ಮೇಲೆ ಆ ದೂರವು ಕೆಲವೊಮ್ಮೆ ಹೆಚ್ಚುವುದೂ ಉಂಟು. ಇದರ ತಮ್ಮನಾದ ಇ.ಎಸ್.ಸಿ., ಕಾರು ತಿರುವಿನಲ್ಲಿ ಹಿಡಿತ ತಪ್ಪಿ ಸುತ್ತಲಾರಂಭಿಸಿದರೆ ಯಾವುದಾದರೊಂದು ಗಾಲಿಯನ್ನು ಮಾತ್ರ ಹಿಡಿದು ದಾರಿಗೆ ತರುತ್ತದೆ. ಎ.ಬಿ.ಎಸ್. 2019ರ ಏಪ್ರಿಲ್‌ನಿಂದ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯ. ಇ.ಎಸ್.ಸಿ. ಇದೆಯೇ ಎಂದು ಕೊಳ್ಳುವವನೇ ವಿಚಾರಿಸಿಕೊಳ್ಳುವುದು ಲೇಸು. ಬಣ್ಣಕ್ಕೂ ಛಾವಣಿಯ ಕಿಟಕಿಗೂ ಕೊಡುವ ಹಣವನ್ನು ನಾನಾದರೆ ಇದಕ್ಕೆ ಕೊಟ್ಟೇನು.

ಈಚೆಗೆ ಅಡಾಸ್ ಎಂಬ ಹೆಸರಿನಿಂದ ಬರುತ್ತಿರುವ, ಕ್ಯಾಮೆರಾ ರೇಡಾರುಗಳ ಕಣ್ಣಿನಿಂದ ದಾರಿ ನೋಡಿ ತಾನೇ ಬ್ರೇಕು ಹಾಕುವ, ಗೆರೆ ದಾಟಿದರೆ ಸ್ಟಿಯರಿಂಗನ್ನು ಹಿಂದಕ್ಕೆಳೆಯುವ ವ್ಯವಸ್ಥೆಯ ಬಗ್ಗೆ ನನ್ನ ಉತ್ಸಾಹ ಅಷ್ಟಿಲ್ಲ. ಅದು ನಿಷ್ಪ್ರಯೋಜಕವೆಂದಲ್ಲ, ತೂಕಡಿಕೆಯಿಂದ ಮುಂದಿನ ಲಾರಿಗೆ ಗುದ್ದಲಿರುವವನನ್ನು ಅದು ಉಳಿಸಬಲ್ಲುದು. ಆದರೆ ಅದು ಓದಲು ಕಲಿತಿರುವುದು ಗೆರೆಯೆಳೆದ, ಅಂಚು ಕಟ್ಟಿದ, ಎಲ್ಲರೂ ಒಂದೇ ದಿಕ್ಕಿಗೆ ಹೋಗುವ ರಸ್ತೆಯೆಂಬ ಪುಸ್ತಕವನ್ನು. ನಮ್ಮ ದಾರಿಯ ಲಿಪಿಯೇ ಬೇರೆ. ಸುಗ್ಗಿ ಬಂತೆಂದರೆ ಡಾಂಬರಿನ ಅರ್ಧವನ್ನು ಭತ್ತವೋ ಜೋಳವೋ ಹರವಿಕೊಂಡು, ಅದರ ಗಡಿಗೆ ಸಾಲುಗಲ್ಲು ಇಟ್ಟು, ರೈತನು ಕಾಲಿನಿಂದ ತಿರುವುತ್ತ ನಡೆಯುವನು. ಕುರಿಹಿಂಡು ಎದುರಾದರೆ ಕುರುಬನ ಮರ್ಜಿಯೇ ನಿಯಮ. ಬೈಕು ಅಡ್ಡದಾರಿಯಿಂದ ಅಂಚು ಹಿಡಿದು ಎದುರಿಗೇ ಬರುವುದು. ಸ್ವೀಡನ್ನಿನ ದೊಡ್ಡ ಜಿಂಕೆಗಳನ್ನು ಗುರುತಿಸಲು ಕಲಿತಿದ್ದ ವೋಲ್ವೋ ಕಾರು ಆಸ್ಟ್ರೇಲಿಯಕ್ಕೆ ಹೋದಾಗ ಕಾಂಗರೂವನ್ನು ಕಂಡು ದಿಕ್ಕೆಟ್ಟ ಸಂಗತಿ 2017ರಲ್ಲಿ ವರದಿಯಾಗಿತ್ತು: ನೆಲವನ್ನು ಆಧಾರವಾಗಿಟ್ಟುಕೊಂಡು ದೂರವನ್ನು ಅಳೆಯುವ ಆ ಕಣ್ಣಿಗೆ, ಪ್ರಾಣಿ ಜಿಗಿದಾಗ ದೂರ ಹೋದಂತೆಯೂ ಇಳಿದಾಗ ಹತ್ತಿರ ಬಂದಂತೆಯೂ ತೋರುತ್ತಿತ್ತಂತೆ. ಕಾಂಗರೂವಿನ ಮುಂದೆಯೇ ಅದಕ್ಕೆ ಈ ಗತಿಯಾದರೆ, ಸಾಲುಗಲ್ಲಿನ ಅರ್ಥವನ್ನು ಅದಕ್ಕೆ ಯಾರು ಹೇಳಿಕೊಡಬೇಕು? ನಮ್ಮ ಹೆದ್ದಾರಿಗಳಲ್ಲಿ ಅದನ್ನು ಹಾಕಿಟ್ಟುಕೊಳ್ಳಲಿ. ಊರೊಳಗೆ ಅದರ ಮೇಲೆ ಭಾರ ಹಾಕುವುದು ಬೇಡ.

ಇಷ್ಟು ಹೇಳಿದ ಮೇಲೂ ಒಂದು ಮಾತು ಮನಸ್ಸಿನಲ್ಲಿ ಮುಳ್ಳಿನಂತೆ ಉಳಿಯುತ್ತದೆ. ಇವೆಲ್ಲವೂ ಮುಖ್ಯವಾಗಿ ಕಾರಿನ ಒಳಗಿದ್ದವರ ಕ್ಷೇಮಚಿಂತನೆ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1,68,491 ಮಂದಿಯಲ್ಲಿ 74,897 ಮಂದಿ ಬೈಕು ಸ್ಕೂಟರುಗಳವರು, 32,825 ಮಂದಿ ಪಾದಚಾರಿಗಳು. ಯುಗಾದಿಗೆ ಮುನ್ನ ಶ್ರೀಶೈಲಕ್ಕೆ ರಾಯಚೂರಿನ ಮಾರ್ಗವಾಗಿ ಬರಿಗಾಲಿನಲ್ಲಿ ನಡೆಯುವ ಭಕ್ತರಿಗೂ, ಟಂಟಂ ಆಟೋದ ಹಿಂಬದಿಯಲ್ಲಿ ಒಂದು ಕಾಲೂರಿ ನೇತಾಡುವ ಕೂಲಿಯವರಿಗೂ ಯಾವ ಚೀಲ ಉಬ್ಬೀತು? 2024ರ ಸೆಪ್ಟೆಂಬರ್ 5ರಂದು ಇದೇ ಮಾನ್ವಿ ತಾಲ್ಲೂಕಿನ ಕಪಗಲ್ ಬಳಿ ಶಾಲೆಯ ಬಸ್ಸಿಗೂ ಸಾರಿಗೆ ಬಸ್ಸಿಗೂ ಡಿಕ್ಕಿಯಾಗಿ ಮಕ್ಕಳು ಪ್ರಾಣ ಕಳೆದುಕೊಂಡ ದುಃಖ ಇಲ್ಲಿ ಇನ್ನೂ ಆರಿಲ್ಲ. ಹೊರಗಿನವರಿಗೂ ಉಪಕಾರವಾಗುವ ಸಾಧನಗಳಲ್ಲಿ ಒಂದು ವೇಗದ ಎಚ್ಚರಿಕೆ: 80 ದಾಟಿದರೆ ನಿಮಿಷಕ್ಕೊಮ್ಮೆ, 120 ದಾಟಿದರೆ ಬಿಡದೆ ಕೂಗಬೇಕೆಂದು 2019ರಿಂದ ನಿಯಮವಿದೆ. ಅದರ ತಂತಿ ಕೀಳಿಸಲು ಮೆಕ್ಯಾನಿಕ್ಕನನ್ನು ಹುಡುಕಿಕೊಂಡು ಹೋದವರನ್ನೂ ನಾನು ಬಲ್ಲೆ.

ರಾಯಚೂರಿನ ಕೆಲಸ ಮುಗಿಸಿ ಹಿಂದಿರುಗುವಾಗ ಬಿಸಿಲು ಇಳಿದಿರಲಿಲ್ಲ. ಕಲ್ಲೂರಿನ ಒಂದು ಅಂಗಡಿಯೆದುರು ಕಾರು ನಿಲ್ಲಿಸಿದ ನಮ್ಮ ಚಾಲಕನು, ಅಂಗಡಿಯಾತ ತನ್ನ ಓಪನರನ್ನು ಹುಡುಕುವಷ್ಟರಲ್ಲಿ, ಗೂಡಿನಿಂದ ಆ ಕ್ಲಿಪ್ಪನ್ನು ಕಿತ್ತು ತಂದು ಎರಡು ಸೋಡಾ ಬಾಟಲಿಗಳ ಮುಚ್ಚಳ ಹಾರಿಸಿ, ನನಗೊಂದನ್ನು ಕೊಟ್ಟನು. ಕುಡಿದು ಹೊರಟೆವು. ಊರು ದಾಟುತ್ತಲೇ ಕಾರು ಕೂಗಲಾರಂಭಿಸಿತು. ಅವನು ಜೇಬು ತಡವಿದನು, ಸೀಟಿನ ಸಂದಿ ತಡವಿದನು. ಕ್ಲಿಪ್ಪು ಅಂಗಡಿಯ ಕಟ್ಟೆಯ ಮೇಲೆಯೇ ಉಳಿದಿತ್ತು. ಎರಡು ಮೈಲಿಯವರೆಗೆ ಸಹಿಸಿದನು. ಆಮೇಲೆ ಏನನ್ನೋ ಗೊಣಗುತ್ತ, ಎಡಗೈಯನ್ನು ಬಲಭುಜದ ಆಚೆಗೆ ಚಾಚಿ ಬೆಲ್ಟನ್ನು ಎಳೆದು ಸಿಗಿಸಿಕೊಂಡನು. ನೀರಮಾನ್ವಿಯ ಗುಡ್ಡ ಕಾಣುವವರೆಗೆ ಕಾರು ಮತ್ತೆ ಮಾತನಾಡಲಿಲ್ಲ.