ತೋಳಿನ ಮೇಲಿನ ಮೆಟ್ಟಿಲು

ಮೊಲ ಬಿಲದಿಂದ ಹೊರಗೆ ಬರುತ್ತದೆ, ಮರಕ್ಕೆ ಒಂದು ಸುತ್ತು ಹಾಕುತ್ತದೆ, ಮತ್ತೆ ಅದೇ ಬಿಲಕ್ಕೆ ನುಗ್ಗುತ್ತದೆ. ಹಗ್ಗದ ತುದಿಯೇ ಮೊಲ, ಎಡಗೈಲಿ ಹಿಡಿದ ಪುಟ್ಟ ಸುರುಳಿಯೇ ಬಿಲ. ಹೀಗೆ ಗೊಣಗಿಕೊಳ್ಳುತ್ತ ಬೋಲೈನ್ ಗಂಟು ಹಾಕುವ ಹುಡುಗರು ಸ್ಕೌಟ್ ಪರೀಕ್ಷಾ ಶಿಬಿರಗಳಲ್ಲಿ ಸಾಲುಸಾಲು. ಪರೀಕ್ಷಕರು ಆ ಗಂಟನ್ನು ನೋಡಿ ತಲೆಯಾಡಿಸಿದರೆ ಸಾಲದು, ಜಗ್ಗಿ ನೋಡಬೇಕು. ಬಾವಿಗೆ ಬಿದ್ದವನ ಕಂಕುಳಡಿ ಹಾಕಿ ಮೇಲೆತ್ತುವ ಕುಣಿಕೆ ಅದು. ಜಗ್ಗಿದಾಗ ಬಿಗಿದರೆ ಮೇಲೆ ಬರುವವನ ಉಸಿರು ಕಟ್ಟುತ್ತದೆ, ಬಿಚ್ಚಿಕೊಂಡರೆ ಅವನು ಮತ್ತೆ ನೀರಿಗೆ. ಗಂಟು ನಿಂತರೆ ಹುಡುಗನ ಪುಸ್ತಕದಲ್ಲೊಂದು ಸಹಿ. ಇಂಥ ಸಹಿಗಳು ಕೂಡಿ ಕೂಡಿ ತೋಳಿಗೆ ಒಂದು ಬಟ್ಟೆಯ ಬ್ಯಾಡ್ಜ್ ಬರುತ್ತದೆ.

ಅಂಗೈಗಿಂತ ಚಿಕ್ಕದಾದ ಆ ತುಂಡು ನಡೆದು ಬಂದ ದಾರಿ ಉದ್ದದ್ದು. ಹೊರಟಿದ್ದು ಮಕ್ಕಳಿಂದಲ್ಲ, ಸಿಪಾಯಿಗಳಿಂದ. ಅದೂ ಇಂಗ್ಲೆಂಡಿನಲ್ಲಲ್ಲ, ನಮ್ಮ ದೇಶದಲ್ಲಿ. 1897ರಲ್ಲಿ ರಾಬರ್ಟ್ ಬೇಡನ್ ಪೊವೆಲ್ ಎಂಬ ಸೇನಾಧಿಕಾರಿ ಭಾರತದಲ್ಲಿದ್ದ 5ನೇ ಡ್ರಗೂನ್ ಗಾರ್ಡ್ಸ್ ಅಶ್ವದಳದ ಹೊಣೆ ಹೊತ್ತ. ಸ್ಕೌಟ್ ಎಂದರೆ ಆಗ ದಂಡಿಗಿಂತ ಮುಂದೆ ಹೋಗಿ ಶತ್ರುವಿನ ಸುಳಿವು ತರುವವನು, ಬೇಹಿನವನು. ಹೆಜ್ಜೆಗುರುತು ಓದುವುದು, ಒಂಟಿಯಾಗಿ ದಾರಿ ಹುಡುಕುವುದು ಕಲಿತು ಪಾಸಾದ ಸೈನಿಕರ ತೋಳಿಗೆ ಬೇಡನ್ ಪೊವೆಲ್ ಒಂದು ಗುರುತು ಕೊಟ್ಟ. ದಿಕ್ಸೂಚಿಯಲ್ಲಿ ಉತ್ತರವನ್ನು ತೋರಿಸುವ ಮೂರೆಸಳಿನ ಹೂವು ಅದು.

ಆ ಹೂವು ಹುಡುಗರ ಕೈಗೆ ಬರಲು ಹತ್ತು ವರ್ಷ ಹಿಡಿಯಿತು. ನಡುವೆ ದಕ್ಷಿಣ ಆಫ್ರಿಕಾದ ಮಾಫೆಕಿಂಗ್ ಮುತ್ತಿಗೆ ಆಗಿಹೋಯಿತು. 1899ರಿಂದ 1900ರವರೆಗೆ, 217 ದಿನ. ಊರಿನೊಳಗೆ ಸಿಕ್ಕಿಬಿದ್ದ ಹುಡುಗರ ಪಡೆಯೊಂದು ಗುಂಡಿನ ಸುರಿಮಳೆಯ ನಡುವೆ ಓಲೆ ಸಾಗಿಸಿತು. ಜವಾಬ್ದಾರಿ ಕೊಟ್ಟರೆ ಹುಡುಗರು ಹೊರುತ್ತಾರೆ ಎಂಬುದು ಆ ಊರನ್ನು ಕಾಯುತ್ತಿದ್ದ ಬೇಡನ್ ಪೊವೆಲ್‌ನ ಮನಸ್ಸಿನಲ್ಲಿ ಉಳಿಯಿತು. 1907ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪಕ್ಕೆ ಸುಮಾರು ಇಪ್ಪತ್ತು ಹುಡುಗರನ್ನು ಕರೆದೊಯ್ದು ಡೇರೆ ಹಾಕಿಸಿದ. ಸಿರಿವಂತರ ಶಾಲೆಯವರೂ ದುಡಿಯುವವರ ಮಕ್ಕಳೂ ಅಲ್ಲಿ ಒಂದೇ ಡೇರೆಯಲ್ಲಿ ಮಲಗಿದರು. ಹಿತ್ತಾಳೆಯ ಹೂವು ಮೊದಲು ಸಿಕ್ಕಿತು. ಗಂಟು, ಹೆಜ್ಜೆಜಾಡು, ಬಾವುಟ ಇವುಗಳ ಪರೀಕ್ಷೆ ಮುಗಿಸಿದ ಮೇಲೆ ಅದರ ಕೆಳಗೆ ತೊಡಲು ‘ಸಿದ್ಧನಾಗಿರು’ ಎಂದು ಬರೆದ ಹಿತ್ತಾಳೆ ಪಟ್ಟಿ.

ಮರುವರ್ಷ ‘ಸ್ಕೌಟಿಂಗ್ ಫಾರ್ ಬಾಯ್ಸ್’ ಪುಸ್ತಕ ಬಂದಿತು, ಅದರ ಬೆನ್ನಿಗೇ ಮೆಟ್ಟಿಲುಗಳು ಖಚಿತವಾದವು. ಹೊಸಬನಿಗೆ ‘ಟೆಂಡರ್‌ಫುಟ್’ ಎಂದು ಹೆಸರು, ಎಳೆಗಾಲಿನವನು ಎಂದರ್ಥ. ಆಮೇಲೆ ಸೆಕೆಂಡ್ ಕ್ಲಾಸ್, ಫಸ್ಟ್ ಕ್ಲಾಸ್. ಆಗಿನ ಸೆಕೆಂಡ್ ಕ್ಲಾಸ್ ಪರೀಕ್ಷೆಯ ಪಟ್ಟಿ ಓದಿದರೆ ಇಂದಿಗೂ ಕೈ ತುರಿಸುತ್ತದೆ. ಎರಡಕ್ಕಿಂತ ಹೆಚ್ಚು ಕಡ್ಡಿ ಗೀರದೆ ಬೆಂಕಿ ಹೊತ್ತಿಸಬೇಕು. ಆ ಬೆಂಕಿಯಲ್ಲಿ ಒಂದಿಷ್ಟು ಮಾಂಸ, ಎರಡು ಆಲೂಗಡ್ಡೆ ಬೇಯಿಸಬೇಕು. ಒಂದು ಮೈಲಿಯನ್ನು ಹನ್ನೆರಡು ನಿಮಿಷದಲ್ಲಿ ದಾಟಬೇಕು. ಉಳಿತಾಯ ಖಾತೆಯಲ್ಲಿ ಆರು ಪೆನ್ನಿ ಇರಬೇಕು. ಇಪ್ಪತ್ತನಾಲ್ಕು ಚಿಲ್ಲರೆ ಸಾಮಾನು ಹರಡಿದ ತಟ್ಟೆಯನ್ನು ಒಂದು ನಿಮಿಷ ನೋಡಿ ಹದಿನಾರನ್ನಾದರೂ ನೆನಪಿನಿಂದ ಹೇಳುವ ಆಟವೂ ಅಲ್ಲಿತ್ತು. ಅದಕ್ಕೆ ‘ಕಿಮ್ ಆಟ’ ಎಂದು ಹೆಸರು. ಕಿಪ್ಲಿಂಗ್‌ನ ಕಾದಂಬರಿಯಲ್ಲಿ ಕಿಮ್ ಎಂಬ ಹುಡುಗ ಅದನ್ನು ಕಲಿಯುವುದು ಸಿಮ್ಲಾದ ಅಂಗಡಿಯೊಂದರಲ್ಲಿ.

ಬ್ಯಾಡ್ಜಿನಲ್ಲೂ ಒಂದು ಜಾಣತನವಿತ್ತು. ಸೆಕೆಂಡ್ ಕ್ಲಾಸ್ ಪಾಸಾದವನ ತೋಳಿಗೆ ಕೆಳಗಿನ ಪಟ್ಟಿ ಮಾತ್ರ, ಮೇಲಿನ ಜಾಗ ಖಾಲಿ. ಹೂವು ಬಂದು ಕೂತು ಚಿತ್ರ ತುಂಬುವುದು ಫಸ್ಟ್ ಕ್ಲಾಸ್‌ನಲ್ಲಿ. ಅಷ್ಟು ಹೊತ್ತಿಗೆ ಹುಡುಗ ಈಜಿರಬೇಕು, ದೂರದ ಪಯಣ ಮಾಡಿ ಬಂದಿರಬೇಕು. ಇಷ್ಟರ ಜೊತೆಗೆ ಮತ್ತೊಂದು ಷರತ್ತು: ತಾನೇ ಕಲಿಸಿ ತಯಾರು ಮಾಡಿದ ಒಬ್ಬ ಹೊಸಬನನ್ನು ಕರೆತರಬೇಕು. ತಾನೊಬ್ಬನೇ ಏರಿ ಹೋಗುವಂತಿರಲಿಲ್ಲ.

ಬ್ಯಾಡ್ಜ್ ಕೊಡುವಾಗ ಅಳೆಯಬೇಕಾದದ್ದು ಕೆಲಸದ ನಯವನ್ನಲ್ಲ, ಹುಡುಗ ಪಟ್ಟ ಪಾಡನ್ನು ಎಂಬುದು ಬೇಡನ್ ಪೊವೆಲ್‌ನ ನಿಲುವು. ಆದ್ದರಿಂದಲೇ ಇಲ್ಲಿ ರ‍್ಯಾಂಕ್ ಪಟ್ಟಿ ಇಲ್ಲ. ಒಬ್ಬ ಪಾಸಾದರೆ ಇನ್ನೊಬ್ಬನ ಜಾಗ ಹೋಗುವುದಿಲ್ಲ.

ಭಾರತದಿಂದ ಹೋದ ಹೂವು ಭಾರತಕ್ಕೆ ಮರಳಿದ್ದು 1909ರಲ್ಲಿ, ಬಂದಿಳಿದದ್ದು ನಮ್ಮ ಬೆಂಗಳೂರಿಗೆ. ಕ್ಯಾಪ್ಟನ್ ಟಿ.ಎಚ್. ಬೇಕರ್ ಇಲ್ಲಿ ದೇಶದ ಮೊದಲ ದಳ ಕಟ್ಟಿದರು. ಆದರೆ ಬಾಗಿಲು ತೆರೆದದ್ದು ಯುರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಹುಡುಗರಿಗೆ ಮಾತ್ರ. ಜಾಡು ಹಿಡಿಯುವುದು, ಸಂಕೇತ ಕಳಿಸುವುದು ಕಲಿತ ಭಾರತೀಯ ಹುಡುಗ ನಾಳೆ ಕ್ರಾಂತಿಕಾರಿಯಾದರೆ ಎಂಬ ಅಳುಕು ಸರ್ಕಾರಕ್ಕೆ. ಬಾಗಿಲು ತೆರೆಯದಿದ್ದಾಗ ನಮ್ಮವರು ಬೇರೆಯದೇ ಮನೆ ಕಟ್ಟಿದರು. ಮದ್ರಾಸಿನಲ್ಲಿ ಆನಿ ಬೆಸೆಂಟ್, ಉತ್ತರದಲ್ಲಿ ಮದನ ಮೋಹನ ಮಾಳವೀಯ, ಹೃದಯನಾಥ ಕುಂಜ್ರು, ಶ್ರೀರಾಮ ವಾಜಪೇಯಿ ದಳಗಳನ್ನು ಬೆಳೆಸಿದರು. 1921ರಲ್ಲಿ ಬೆಸೆಂಟ್ ಅವರ ಸಂಘ ಬೇಡನ್ ಪೊವೆಲ್ ಸಂಘದೊಡನೆ ಬೆರೆಯಿತು, ಮಾಳವೀಯ ಮತ್ತು ಸಂಗಡಿಗರ ಸೇವಾ ಸಮಿತಿಯ ದಳ ಬೇರೆಯಾಗಿಯೇ ಉಳಿಯಿತು. ಎಲ್ಲ ಕವಲುಗಳನ್ನೂ ಕೂಡಿಸುವ ಹೊತ್ತು ಬಂದದ್ದು ಸ್ವಾತಂತ್ರ್ಯದ ನಂತರ. 1950ರ ನವೆಂಬರ್ 7ರಂದು ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಹುಟ್ಟಿತು. ಮರುವರ್ಷ ಆಗಸ್ಟ್ 15ಕ್ಕೆ ಗೈಡ್ ಹುಡುಗಿಯರೂ ಸೇರಿಕೊಂಡರು.

ಈ ದಾರಿಯಲ್ಲಿ ಬದಲಾದ ಸಣ್ಣ ಸಂಗತಿಯೊಂದು ನನಗೆ ದೊಡ್ಡದಾಗಿ ಕಾಣುತ್ತದೆ. ಅದು ಹೆಸರು. ಇಂದು ನಮ್ಮ ಮಕ್ಕಳ ಬಾಯಲ್ಲಿರುವುದು ಪ್ರವೇಶ, ಪ್ರಥಮ ಸೋಪಾನ, ದ್ವಿತೀಯ ಸೋಪಾನ, ತೃತೀಯ ಸೋಪಾನ. ಆಮೇಲೆ ರಾಜ್ಯ ಪುರಸ್ಕಾರ, ತುದಿಯಲ್ಲಿ ರಾಷ್ಟ್ರಪತಿ. ಸೆಕೆಂಡ್ ಕ್ಲಾಸ್ ಎಂದಾಗ ರೈಲಿನ ಡಬ್ಬಿ ನೆನಪಾಗುತ್ತದೆ: ಟಿಕೆಟ್ ತೋರಿಸಿ ಕೂರುವ ಜಾಗ, ಮೇಲಿನವರು ಬೇರೆ, ಕೆಳಗಿನವರು ಬೇರೆ. ಸೋಪಾನ ಎಂದರೆ ಕಾಲಿಡುವ ಜಾಗ. ಅಲ್ಲಿ ಯಾರೂ ಮನೆ ಮಾಡುವುದಿಲ್ಲ.

ಡಬ್ಬಿಯ ಆಸೆ ಪೂರ್ತಿ ಹೋಗಿದೆಯೆಂದಲ್ಲ. ರೈಲ್ವೆ ನೇಮಕಾತಿಯಲ್ಲಿ ಸ್ಕೌಟ್ಸ್ ಕೋಟಾ ಇದೆ, ಅದಕ್ಕೆ ಅರ್ಹತೆ ಕೊಡುವ ಪತ್ರಗಳಲ್ಲಿ ರಾಷ್ಟ್ರಪತಿ ಪ್ರಶಸ್ತಿಯದೂ ಒಂದು. ಪತ್ರದ ಮೇಲೆ ಕಣ್ಣಿಟ್ಟು ಮಗುವನ್ನು ಶಿಬಿರಕ್ಕೆ ಕಳಿಸುವ ಪೋಷಕರನ್ನು ದೂರುವಂತಿಲ್ಲ, ಕೆಲಸ ಎಲ್ಲರಿಗೂ ಬೇಕು. ಆದರೆ ದಾವಣಗೆರೆ ಸೀಮೆಯ ಕೊಂಡಜ್ಜಿಯಂಥ ಶಿಬಿರಧಾಮದಲ್ಲಿ ಹಸಿ ಸೌದೆ ಊದಿ ಊದಿ ಕಣ್ಣು ಕೆಂಪಾದ ಹುಡುಗನಿಗೆ ಪತ್ರ ನೆನಪಿರುವುದಿಲ್ಲ. ಅನ್ನ ಬೇಯಬೇಕು, ಅಷ್ಟೇ.

ಹೊಸ ಸೋಪಾನದ ಬ್ಯಾಡ್ಜ್ ಬಂದ ಸಂಜೆ ಮನೆಯಲ್ಲಿ ಮೊದಲು ಬೇಕಾಗುವುದು ಸೂಜಿಯಲ್ಲ, ಬ್ಲೇಡು. ಎಡತೋಳಿನ ಹಳೆಯ ಬ್ಯಾಡ್ಜನ್ನು ಬಿಚ್ಚಿ ತೆಗೆಯಬೇಕು, ಎರಡನ್ನೂ ಒಟ್ಟಿಗೆ ತೊಡುವಂತಿಲ್ಲ. ಅಮ್ಮ ಒಂದೊಂದೇ ಹೊಲಿಗೆ ಕತ್ತರಿಸುತ್ತಾಳೆ. ಬೂದು ಅಂಗಿಯಲ್ಲಿ ಬಿಸಿಲು ತಾಗದ ಒಂದು ತುಣುಕು, ಅದರ ಸುತ್ತ ಸೂಜಿಯ ಸಣ್ಣ ತೂತುಗಳು. ಹೊಸದು ಬಂದು ಕೂರುವುದು ಅದರ ಮೇಲೆಯೇ. ಬಿಚ್ಚಿದ ಹಳೆಯದನ್ನು ಹುಡುಗ ಕಂಪಾಸ್ ಬಾಕ್ಸಿನೊಳಗೆ ಇಟ್ಟುಕೊಳ್ಳುತ್ತಾನೆ.