ಕಾರಿನ ಫೋಟೋ ತೆಗೆಯೋಣ ಬನ್ನಿ



ಕಾರಿನ ಫೋಟೋ ತೆಗೆಯೋದನ್ನ ನಾವ್ಯಾಕೆ ಕಲೀಬೇಕು ಅಂತೀರಾ? ಮೊದಲು ಒಂದು ಸಂಗತಿ ಹೇಳುತ್ತೇನೆ, ಕೇಳಿ.

ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ಅಕ್ಕ ಬರುತ್ತಾರೆ. ಸಾಗರದ ಹತ್ತಿರದ ಹಳ್ಳಿ ಅವರದು. ಅವರ ಯಜಮಾನರು ಸಂತೆಯಿಂದ ಸಂತೆಗೆ ಹೋಗಿ ಬಟ್ಟೆ ಮಾರುತ್ತಿದ್ದರು. ಅದಕ್ಕೆಂದೇ ಒಂದು ಬಿಳಿ ಓಮ್ನಿ ಇಟ್ಟುಕೊಂಡಿದ್ದರು. ಕಾಯಿಲೆ ಬಂದು ಅವರು ತೀರಿಕೊಂಡರು. ಗಾಡಿ ಅಂಗಳದಲ್ಲೇ ನಿಂತಿತು. ಸಂಘದ ಸಾಲದ ಕಂತು ಮಾತ್ರ ನಿಲ್ಲಲಿಲ್ಲ.

ಅಕ್ಕ ಧೈರ್ಯ ಮಾಡಿದರು. ಆರ್.ಟಿ.ಒ. ಕಚೇರಿಗೆ ಹೋದರು. ಮಾಲೀಕರು ತೀರಿಕೊಂಡರೆ ಗಾಡಿಯನ್ನು ವಾರಸುದಾರರ ಹೆಸರಿಗೆ ಮಾಡಿಕೊಳ್ಳಲು ಫಾರಂ 31 ಎಂಬ ಅರ್ಜಿ ಇದೆ. ಆ ಅರ್ಜಿಗೆ ತಾವೇ ಸಹಿ ಹಾಕಿದರು. ಹೆಬ್ಬೆಟ್ಟು ಒತ್ತಲಿಲ್ಲ! ಗಾಡಿ ಅವರ ಹೆಸರಿಗೆ ಬಂತು. ಇನ್ನು ಅದನ್ನು ಮಾರಬೇಕು.

ಮಗನಿಗೆ ಹೇಳಿ ಫೋನಿನಲ್ಲಿ ಫೋಟೋ ತೆಗೆಸಿದರು. ಒಬ್ಬ ದಲ್ಲಾಳಿಗೆ ಕಳಿಸಿದರು. ಆತ ಏನಂದ ಗೊತ್ತಾ?

"ಇದು ಗುಜರಿ ಗಾಡಿ ಕಣಮ್ಮ. 50 ಸಾವಿರಕ್ಕೆ ಕೊಡೋದಾದ್ರೆ ಹೇಳಿ."

ಅಕ್ಕ ಫೋನು ಹಿಡಿದುಕೊಂಡು ನನ್ನ ಹತ್ತಿರ ಬಂದರು. ಕಣ್ಣಲ್ಲಿ ನೀರಿತ್ತು.

"ಟೀಚರೇ, ನಮ್ಮ ಗಾಡಿ ಹೀಗಿಲ್ಲ. ಅವ್ರು ದಿನಾ ಒರೆಸಿ ಇಡ್ತಿದ್ರು. ಫೋಟೋದಲ್ಲಿ ಯಾಕೆ ಹೀಗೆ ಬಂತು?"

ನಾನು ಫೋಟೋ ನೋಡಿದೆ. ಸುಡು ಮಧ್ಯಾಹ್ನ ತೆಗೆದದ್ದು. ಹಲಸಿನ ಮರದ ನೆರಳು ಗಾಡಿಯ ಮೈಮೇಲೆಲ್ಲ ಚುಕ್ಕೆ ಚುಕ್ಕೆಯಾಗಿ ಬಿದ್ದಿತ್ತು. ಹಿಂದೆ ಒಣಹಾಕಿದ ಬಟ್ಟೆ. ಬಾಗಿಲಿನ ಮೇಲೆ ಮಗನ ಕೆಂಪು ಅಂಗಿಯ ಬಿಂಬ. ಚಾವಣಿ ಬೆಳ್ಳಗೆ ಉರಿಯುತ್ತಿತ್ತು. ಚಕ್ರಗಳು ಕತ್ತಲಲ್ಲಿ ಮುಳುಗಿದ್ದವು. ಇಡೀ ಚಿತ್ರಕ್ಕೆ ಮಂಜು ಕವಿದ ಹಾಗಿತ್ತು.

ನನ್ನ ಅಣ್ಣ ಮದುವೆ ಫೋಟೋ ತೆಗೆಯುವವನು. ಅವನ ಜೊತೆ ಓಡಾಡಿ ನಾನೂ ಅಷ್ಟಿಷ್ಟು ಕಲಿತಿದ್ದೆ. "ಬನ್ನಿ ಅಕ್ಕ, ನಾವೇ ತೆಗೆಯೋಣ" ಅಂದೆ. ಅವತ್ತು ನಾವು ಮಾಡಿದ್ದನ್ನೇ ಇಲ್ಲಿ ಬರೆದಿದ್ದೇನೆ.

ಕಾರೂ ಒಂದು ಕನ್ನಡಿ

ನಿಮ್ಮ ಮನೆಯ ಸ್ಟೀಲ್ ತಂಬಿಗೆಯನ್ನು ಕೈಯಲ್ಲಿ ಹಿಡಿಯಿರಿ. ಅದರಲ್ಲಿ ಏನು ಕಾಣುತ್ತದೆ? ನಿಮ್ಮ ಮುಖ, ಕಿಟಕಿ, ಒಲೆ ಎಲ್ಲವೂ ಕಾಣುತ್ತವೆ. ಕಾರೂ ಹಾಗೆಯೇ. ಅದರ ಬಣ್ಣದ ಮೇಲೆ ಹೊಳಪು ಇರುತ್ತದೆ. ಗಾಜು ಇರುತ್ತದೆ. ಸುತ್ತಮುತ್ತ ಇರುವುದೆಲ್ಲ ಅದರಲ್ಲಿ ಮೂಡುತ್ತದೆ. ಕಪ್ಪು ಕಾರಿನಲ್ಲಿ ಇನ್ನೂ ಚೆನ್ನಾಗಿ ಮೂಡುತ್ತದೆ.

ಎದುರಿಗೆ ಇರುವ ನಮಗೆ ಈ ಬಿಂಬ ಕಾಣುವುದೇ ಇಲ್ಲ. ನಮ್ಮ ಮನಸ್ಸು ಕಾರನ್ನಷ್ಟೇ ನೋಡುತ್ತದೆ. ಕ್ಯಾಮೆರಾಗೆ ಮನಸ್ಸಿಲ್ಲ. ಇದ್ದದ್ದೆಲ್ಲ ಹಿಡಿಯುತ್ತದೆ.

ಹಾಗಾದರೆ ಏನು ಮಾಡಬೇಕು? ಕಾರನ್ನು ಬಯಲಿಗೆ ತನ್ನಿ. ಕಣ, ಮೈದಾನ, ಅಗಲವಾದ ಅಂಗಳ ಯಾವುದಾದರೂ ಸರಿ. ಮರದ ಕೆಳಗೆ ಬೇಡ. ಹಿಂದೆ ಬಟ್ಟೆ ಹಗ್ಗ, ಕಸದ ಗುಂಡಿ, ಕರೆಂಟ್ ಕಂಬ ಇರಬಾರದು. ಕಂಬ ಇದ್ದರೆ ಕಾರಿನ ತಲೆಯಿಂದಲೇ ಎದ್ದು ಬಂದ ಹಾಗೆ ಕಾಣುತ್ತದೆ! ಫೋಟೋ ಒತ್ತುವ ಮೊದಲು ಕಾರಿನ ಬಾಗಿಲನ್ನು ನೋಡಿ. ನಿಮ್ಮ ಬಿಂಬ ಅಲ್ಲಿ ಕಂಡರೆ ಎರಡು ಹೆಜ್ಜೆ ಪಕ್ಕಕ್ಕೆ ಸರಿಯಿರಿ.

ಒಳ್ಳೆಯ ಬೆಳಕು ಯಾವುದು?

ನಡು ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆ ಇರುತ್ತಾನೆ. ಬಿಸಿಲೆಲ್ಲ ಚಾವಣಿಯ ಮೇಲೆ ಬೀಳುತ್ತದೆ. ಬದಿ ಮತ್ತು ಚಕ್ರಗಳಿಗೆ ಬೆಳಕೇ ಸಿಗುವುದಿಲ್ಲ. ನಮ್ಮ ಕಣ್ಣು ಬಿಸಿಲನ್ನೂ ನೋಡುತ್ತದೆ, ನೆರಳನ್ನೂ ನೋಡುತ್ತದೆ. ಕ್ಯಾಮೆರಾಗೆ ಅಷ್ಟು ಶಕ್ತಿ ಇಲ್ಲ. ಒಂದು ಕಡೆ ಉರಿಯುತ್ತದೆ, ಇನ್ನೊಂದು ಕಡೆ ಕಪ್ಪಾಗುತ್ತದೆ.

ಬೆಳಗಿನ ಹೊತ್ತು ಅಥವಾ ಸಂಜೆಯ ಹೊತ್ತು ತೆಗೆಯಿರಿ. ಆಗ ಬಿಸಿಲು ಓರೆಯಾಗಿ ಬೀಳುತ್ತದೆ. ಸೂರ್ಯ ನಿಮ್ಮ ಬೆನ್ನ ಹಿಂದೆ, ಸ್ವಲ್ಪ ಪಕ್ಕಕ್ಕೆ ಇರಲಿ. ನಿಮ್ಮ ನೆರಳು ಕಾರಿನ ಮೇಲೆ ಬೀಳದಂತೆ ನೋಡಿಕೊಳ್ಳಿ. ಸೂರ್ಯ ಮುಳುಗಿದ ಮೇಲೂ ಹತ್ತು ನಿಮಿಷ ಮೆತ್ತನೆಯ ಬೆಳಕು ಇರುತ್ತದೆ. ಅದೂ ಒಳ್ಳೆಯದೇ. ಮೋಡದ ದಿನವೂ ಆಗುತ್ತದೆ.

ಬಿಳಿ ಕಾರು ಬೆಳಕಿನಲ್ಲಿ ಸುಣ್ಣದ ಗೋಡೆಯಂತೆ ಕಾಣಬಹುದು. ಆಗ ಫೋನಿನ ಪರದೆಯಲ್ಲಿ ಕಾರಿನ ಮೇಲೆ ಬೆರಳಿಡಿ. ತುಂಬಾ ಫೋನುಗಳಲ್ಲಿ ಒಂದು ಸೂರ್ಯನ ಗುರುತು ಬರುತ್ತದೆ. ಅದನ್ನು ಸ್ವಲ್ಪ ಕೆಳಗೆ ಎಳೆಯಿರಿ. ಬೆಳಕು ಹದಕ್ಕೆ ಬರುತ್ತದೆ.

ತೆಗೆಯುವ ಬಗೆ

1. ಮೊದಲು ಕಾರನ್ನು ತೊಳೆಯಿರಿ. ಒಣ ಬಟ್ಟೆಯಿಂದ ಒರೆಸಿ. ನೀರಿನ ಹನಿ ಹಾಗೇ ಒಣಗಿದರೆ ಕಲೆ ಉಳಿಯುತ್ತದೆ.

2. ಫೋನಿನ ಹಿಂದೆ ಇರುವ ಪುಟ್ಟ ಗಾಜನ್ನೂ ಒರೆಸಿ. ನಾವು ಒಗ್ಗರಣೆ ಹಾಕಿದ ಕೈಯಲ್ಲೇ ಫೋನು ಹಿಡಿಯುತ್ತೇವೆ. ಎಣ್ಣೆ ಜಿಡ್ಡು ಅಲ್ಲಿ ಕೂರುತ್ತದೆ. ಅಕ್ಕನ ಫೋಟೋಗೆ ಮಂಜು ಕವಿದದ್ದು ಇದರಿಂದಲೇ! ಮೆತ್ತನೆಯ ಹತ್ತಿ ಬಟ್ಟೆ ಸಾಕು.

3. ಫೋನನ್ನು ಅಡ್ಡಕ್ಕೆ ಹಿಡಿಯಿರಿ. ಕಾರು ಉದ್ದ ಇರುತ್ತದಲ್ಲವೇ?

4. ಮಂಡಿ ಬಗ್ಗಿಸಿ. ಕಾರಿನ ದೀಪದ ಎತ್ತರಕ್ಕೆ ಫೋನು ತನ್ನಿ. ನಿಂತು ತೆಗೆದರೆ ಚಾವಣಿಯೇ ದೊಡ್ಡದಾಗಿ ಕಾಣುತ್ತದೆ.

5. ತೀರಾ ಹತ್ತಿರ ನಿಲ್ಲಬೇಡಿ. ಹತ್ತಿರದಿಂದ ಮುಖದ ಫೋಟೋ ತೆಗೆದರೆ ಮೂಗು ದಪ್ಪ ಬರುತ್ತದೆ. ಕಾರಿಗೂ ಹಾಗೇ ಆಗುತ್ತದೆ. ಹತ್ತು ಹೆಜ್ಜೆ ಹಿಂದೆ ಹೋಗಿ.

6. ಒಂದು ಬೆಂಕಿಪೊಟ್ಟಣ ತೆಗೆದುಕೊಳ್ಳಿ. ಎದುರಿಗೆ ಹಿಡಿದರೆ ಒಂದೇ ಮುಖ ಕಾಣುತ್ತದೆ. ಸ್ವಲ್ಪ ತಿರುಗಿಸಿದರೆ ಎರಡು ಮುಖ ಕಾಣುತ್ತವೆ. ಕಾರಿಗೂ ಮೂಲೆಗೆ ನಿಂತು ತೆಗೆಯಿರಿ. ಮುಂಭಾಗವೂ ಬದಿಯೂ ಒಟ್ಟಿಗೆ ಬರುತ್ತವೆ.

7. ಹಾಗೆ ಮೂಲೆಯಿಂದ ತೆಗೆಯುವಾಗ ಸ್ಟಿಯರಿಂಗನ್ನು ನೀವು ನಿಂತ ಕಡೆಯಿಂದ ಆಚೆಗೆ ಸ್ವಲ್ಪ ತಿರುಗಿಸಿಡಲು ಹೇಳಿ. ಆಗ ಟೈರಿನ ಹಲ್ಲಿನ ಬದಲು ಚಕ್ರದ ಮುಖ ಕಾಣುತ್ತದೆ. ನೋಡಲು ಚೆಂದ.

8. ಮುಂದೆ, ಹಿಂದೆ, ಎಡಬದಿ, ಬಲಬದಿ, ಒಳಗೆ. ಒಂದೊಂದನ್ನೂ ಎರಡೆರಡು ಸಲ ತೆಗೆಯಿರಿ. ಎಷ್ಟು ಕಿಲೋಮೀಟರ್ ಓಡಿದೆ ಎಂದು ತೋರಿಸುವ ಮೀಟರಿನ ಚಿತ್ರವೂ ಇರಲಿ.

ತಗ್ಗು ಮುಚ್ಚಿಡಬೇಕೇ?

ಅಕ್ಕನ ಗಾಡಿಯ ಹಿಂಬಾಗಿಲಲ್ಲಿ ಒಂದು ತಗ್ಗು ಇತ್ತು. ಒಂದು ಕಡೆ ತುಕ್ಕೂ ಹಿಡಿದಿತ್ತು. "ಇದನ್ನ ತೆಗೀಬೇಡಿ ಟೀಚರೇ" ಅಂದರು ಅಕ್ಕ.

ನಾನು ಕೇಳಿದೆ: "ಸಂತೆಯಲ್ಲಿ ಮೇಲೆ ಚೆಂದದ ಬದನೆಕಾಯಿ ಇಟ್ಟು, ಕೆಳಗೆ ಹುಳುಕು ತುಂಬಿದರೆ ನೀವು ಸುಮ್ಮನಿರ್ತೀರಾ?"

ಅಕ್ಕ ನಕ್ಕರು. "ತೆಗೀರಿ, ತೆಗೀರಿ" ಅಂದರು.

ತಗ್ಗಿನ ಚಿತ್ರಕ್ಕೆ ಬೆಳಕು ಪಕ್ಕದಿಂದ ಬರಬೇಕು. ಗೋಡೆಗೆ ತಾಗಿಸಿ ಬ್ಯಾಟರಿ ಬಿಟ್ಟರೆ ಗೋಡೆಯ ಉಬ್ಬುತಗ್ಗು ಎಲ್ಲ ಎದ್ದು ಕಾಣುತ್ತದೆ. ಎದುರಿನಿಂದ ಬಿಟ್ಟರೆ ಏನೂ ಕಾಣುವುದಿಲ್ಲ. ಇದೂ ಹಾಗೆಯೇ. ಈ ಮಾತು ನೆನಪಿಡಿ. ನಾಳೆ ನೀವೇ ಹಳೆಯ ಗಾಡಿ ಕೊಳ್ಳುವಾಗ ಇದು ಕೆಲಸಕ್ಕೆ ಬರುತ್ತದೆ. ಬಾಗಿಲಿಗೆ ಕಣ್ಣು ಸಮ ಮಾಡಿ ಓರೆಯಾಗಿ ನೋಡಿ. ಮುಚ್ಚಿಟ್ಟ ತಗ್ಗು ತಾನೇ ಹೇಳುತ್ತದೆ.

ಆಮೇಲೆ ಏನಾಯಿತು?

ಚೆಂದದ ಆರು ಚಿತ್ರ, ತಗ್ಗು ತುಕ್ಕಿನ ಎರಡು ಚಿತ್ರ. ಎಂಟನ್ನೂ ಅಕ್ಕ ತಮ್ಮ ಸಂಘದವರಿಗೆ, ನೆಂಟರಿಗೆ ಕಳಿಸಿದರು. ಮಾರುತಿ ಕಂಪನಿ ಓಮ್ನಿ ತಯಾರಿಸುವುದನ್ನು 2019ರಲ್ಲೇ ನಿಲ್ಲಿಸಿದೆ. ಹೊಸದು ಸಿಗುವುದಿಲ್ಲ. ಚೆನ್ನಾಗಿಟ್ಟ ಹಳೆಯದನ್ನು ಹುಡುಕುವವರು ಇದ್ದೇ ಇರುತ್ತಾರೆ. ಪಕ್ಕದ ಊರಿನ ತರಕಾರಿ ವ್ಯಾಪಾರಿಯೊಬ್ಬರು ಬಂದರು. ಗಾಡಿಗೆ ಒಂದು ಸುತ್ತು ಹಾಕಿದರು.

"ಫೋಟೋದಲ್ಲಿ ಇದ್ದ ಹಾಗೇ ಇದೆಯಲ್ಲಮ್ಮ!" ಅಂದರು.

88 ಸಾವಿರಕ್ಕೆ ಮಾತು ಮುಗಿಯಿತು. ಅಕ್ಕ ಹಣ ಎಣಿಸಿಕೊಂಡರು. ಕಾಗದ ಪೂರ್ತಿ ಓದಿ ಸಹಿ ಹಾಕಿದರು. ಸಂಘದ ಸಾಲ ತೀರಿತು.

ಫೋಟೋದಿಂದ ಗಾಡಿಯೇನೂ ಹೊಸದಾಗಲಿಲ್ಲ. ಇದ್ದದ್ದು ಇದ್ದ ಹಾಗೆ ಕಂಡಿತು. ಅಕ್ಕನಿಗೆ ಬೇಕಾದದ್ದೂ ಅಷ್ಟೇ.

ಒಂದು ಚಿತ್ರವನ್ನು ಮಾತ್ರ ಅಕ್ಕ ಯಾರಿಗೂ ಕಳಿಸಲಿಲ್ಲ. ಸಂಜೆ ಬಿಸಿಲಲ್ಲಿ ಗಾಡಿ, ಪಕ್ಕದಲ್ಲಿ ಮಗ. ಅದು ಅವರ ಫೋನಿನಲ್ಲೇ ಇದೆ.

ಇನ್ನೊಂದು ಮಾತು

ಗಾಡಿಗೆ ಅಪಘಾತವಾದರೂ ಫೋಟೋ ಬೇಕಾಗುತ್ತದೆ. ಆದರೆ ಮೊದಲು ಜೀವ, ಆಮೇಲೆ ಫೋಟೋ. ಪೆಟ್ಟಾದವರಿಗೆ 108ಕ್ಕೆ ಫೋನು ಮಾಡಿ ಆಂಬುಲೆನ್ಸ್ ಕರೆಸಿ. ಪೊಲೀಸರಿಗೆ 112. ಆಮೇಲೆ ರಸ್ತೆಯ ಬದಿಗೆ ಜೋಪಾನವಾಗಿ ನಿಂತು ತೆಗೆಯಿರಿ. ದೂರದಿಂದ ಒಂದು, ಪೆಟ್ಟಾದ ಜಾಗದ್ದು ಒಂದು, ನಂಬರ್ ಪ್ಲೇಟಿನದು ಒಂದು. ನಂಬರಿನ ಅಕ್ಷರ ಓದಲು ಬರಬೇಕು. ಈ ಚಿತ್ರಗಳು ವಿಮೆ ಕೇಳುವಾಗ ಸಹಾಯಕ್ಕೆ ಬರುತ್ತವೆ.

ಗುರುತಿಲ್ಲದವರಿಗೆ ಗಾಡಿಯ ಆರ್.ಸಿ. ಪುಸ್ತಕದ ಫೋಟೋ ಕಳಿಸಬೇಡಿ. ಫೋನಿಗೆ ಬಂದ ಗುಟ್ಟಿನ ನಂಬರನ್ನೂ ಯಾರಿಗೂ ಹೇಳಬೇಡಿ.

ಮಾಡಿ ನೋಡಿ

1. ಒಂದು ಸ್ಟೀಲ್ ತಂಬಿಗೆಯನ್ನು ಮನೆಯೊಳಗೆ, ಮರದ ಕೆಳಗೆ, ಬಯಲಿನಲ್ಲಿ ಇಟ್ಟು ಮೂರು ಫೋಟೋ ತೆಗೆಯಿರಿ. ಏನು ವ್ಯತ್ಯಾಸ ಕಂಡಿತು?

2. ನಿಮ್ಮ ಊರಿಗೆ ಬರುವ ಮೂರು ಗಾಡಿಗಳ ನಂಬರ್ ಓದಿ ಬರೆಯಿರಿ. ಸಾಗರದ ಗಾಡಿಗೆ ಕೆಎ 15, ಶಿವಮೊಗ್ಗದ ಗಾಡಿಗೆ ಕೆಎ 14 ಎಂದಿರುತ್ತದೆ. ನಿಮ್ಮ ಊರಿನ ಗಾಡಿಗಳಿಗೆ ಏನೆಂದು ಇದೆ?

3. ತಗ್ಗಿನ ಚಿತ್ರ ತೆಗೆಯಬೇಕೋ, ಬೇಡವೋ? ನಿಮ್ಮ ಗುಂಪಿನಲ್ಲಿ ಮಾತಾಡಿ.